ಸುಗುಣಳ ಗಂಟಲಿಗೆ ಏನೂ ಆಗಿರಲಿಲ್ಲ

ಅವತ್ತು ವೇದಿಕೆಯ ಮೇಲೆ ಸುಗುಣಳ ಸ್ವರ ಒಡೆದದ್ದು ನನ್ನಿಂದ. ತಪ್ಪು ನನ್ನ ಕೀಬೋರ್ಡಿನಲ್ಲಿತ್ತು, ಅದು ನನಗೆ ಅಲ್ಲೇ ಗೊತ್ತಾಗಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಇಲ್ಲ, ಹೀಗೆ ಬರೆದರೂ ನನ್ನನ್ನು ನಾನು ಉಳಿಸಿಕೊಂಡ ಹಾಗಾಗುತ್ತದೆ. ಬಾಯಿ ಬಿಟ್ಟಿದ್ದೆ. ಬಿಟ್ಟು ಸುಳ್ಳು ಹೇಳಿದ್ದೆ. ಆ ಸುಳ್ಳನ್ನು ನಂಬಿ ಅವಳು ಹಾಡುವುದನ್ನೇ ನಿಲ್ಲಿಸಿದಳು. ಅದಾಗಿ ಹತ್ತು ವರ್ಷದ ಮೇಲಾಯಿತು.

ನಾನು ರವಿ. ಈಗ ಶಿವಮೊಗ್ಗದ ನವುಲೆಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಮಕ್ಕಳಿಗೆ ಕೀಬೋರ್ಡ್ ಕಲಿಸುತ್ತೇನೆ. ಆಗ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದೆ. ಗಣಪತಿ ಪೆಂಡಾಲು, ರಾಜ್ಯೋತ್ಸವ, ಮದುವೆ ಆರತಕ್ಷತೆ — ಎಲ್ಲಿ ಕರೆದರೂ ಸರಿ, ಕೀಬೋರ್ಡನ್ನು ಹಳೇ ಜಮಖಾನದಲ್ಲಿ ಸುತ್ತಿಕೊಂಡು ಬಸ್ಸು ಹತ್ತುತ್ತಿದ್ದೆ. ಭದ್ರಾವತಿಗೂ ಶಿವಮೊಗ್ಗಕ್ಕೂ ಓಡಾಡುವ ಬಸ್ಸಿನ ಕಂಡಕ್ಟರುಗಳಿಗೆಲ್ಲ ಆ ಗಂಟು ಪರಿಚಯ. "ಸ್ವಲ್ಪ ಸರ್ಕೊಳ್ಳಿ ಮಾರಾಯ್ರೆ, ರವಿಯಣ್ಣನ ಕೂಸು ಮಲಗ್ಬೇಕು" ಎಂದು ತಮಾಷೆ ಮಾಡಿ ಜಾಗ ಬಿಡಿಸುತ್ತಿದ್ದರು. ನನಗೂ ಆಗ ಜಂಬ ಕಡಿಮೆಯಿರಲಿಲ್ಲ. ಕೂದಲು ಭುಜದ ತನಕ ಬಿಟ್ಟಿದ್ದೆ ಎಂದರೆ ಅರ್ಥವಾದೀತು.

ಸುಗುಣ ಸಿಕ್ಕಿದ್ದು ಭದ್ರಾವತಿಯ ಜನ್ನಾಪುರದ ಒಂದು ಪೆಂಡಾಲಿನಲ್ಲಿ. ನಮ್ಮ ಗಾಯಕಿ ಕೈಕೊಟ್ಟಿದ್ದಳು. ಪೆಂಡಾಲಿನ ಹುಡುಗರು "ನಮ್ಮ ಬೀದೀಲೇ ಒಬ್ಬಳಿದಾಳೆ, ಕರ್ಕೊಂಡ್ ಬರ್ತೀವಿ" ಎಂದು ಹೋಗಿ, ಅನ್ನಕ್ಕೆ ಕೂತಿದ್ದವಳನ್ನು ಎಬ್ಬಿಸಿ ಕರೆತಂದರು. ಕಾಲೇಜು ಎರಡನೇ ವರ್ಷದ ಹುಡುಗಿ. ಮನೆಯೊಳಗೆ ತಮಿಳು, ಹೊಸ್ತಿಲು ದಾಟಿದರೆ ಕನ್ನಡ. ಕೈ ಸರಿಯಾಗಿ ತೊಳೆಯಲೂ ಬಿಟ್ಟಿರಲಿಲ್ಲವೋ ಏನೋ, ಮೈಕನ್ನು ಎಡಗೈಯಲ್ಲೇ ಹಿಡಿದಳು. ಹಾಡಿದಳು. ಮೇಲಿನ ಸ್ವರಗಳಿಗೆ ಬಂದಾಗ ಬೇರೆಯವರು ಕಣ್ಣು ಮುಚ್ಚಿ ಕತ್ತು ಬಿಗಿದು ಪಾಡು ಪಡುತ್ತಾರೆ — ಇವಳು ಅಲ್ಲಿಗೆ ಹೋಗಿ ನಗುತ್ತಿದ್ದಳು. ಸಲೀಸಾಗಿ.

ಅವಳ ಅಪ್ಪ ಮುರುಗೇಶಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಯಂತ್ರಗಳ ಸದ್ದಿನಲ್ಲಿ ನಿಂತೂ ನಿಂತೂ ಕಿವಿ ಮಂದವಾಗಿತ್ತು. ಅವತ್ತು ಸ್ಪೀಕರ್ ಪೆಟ್ಟಿಗೆಗೆ ಒರಗಿಕೊಂಡೇ ನಿಂತಿದ್ದರು. ಆಮೇಲೆ ನನ್ನ ಹತ್ತಿರ ಬಂದು, ಕಿವಿ ಮಂದವಿರುವವರ ದೊಡ್ಡ ದನಿಯಲ್ಲಿ ಹೇಳಿದರು: "ಕೆಳಗೆ ಹಾಡೋದು ಏನೂ ಕೇಳ್ಸಲ್ಲ ತಂಬಿ. ಪಾಪು ಮೇಲೆ ಹೋದ್ರೆ ಮಾತ್ರ ಕೇಳ್ಸುತ್ತೆ." ಪಾಪು ಎಂದರೆ ಸುಗುಣ. ಸುತ್ತ ನಿಂತವರು ನಕ್ಕರು. ನಾನೂ ನಕ್ಕೆ.

ಅದು ಹಿಂದಿಯಲ್ಲಿ ಪಾಪ್ ಆಲ್ಬಮ್‌ಗಳ ಹುಚ್ಚು ಹಿಡಿದಿದ್ದ ಕಾಲ. ಟೀವಿ ಹಾಕಿದರೆ ಅದೇ, ಹೋಟೆಲಿಗೆ ಹೋದರೆ ಅದೇ. ಕನ್ನಡದಲ್ಲೂ ಒಂದು ಮಾಡಿದರೆ ಹೇಗೆ ಎಂಬ ಹುಳ ನನ್ನ ತಲೆ ಹೊಕ್ಕಿತು. ಶಿವಮೊಗ್ಗದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಶಂಕ್ರಪ್ಪನವರನ್ನು ಕಾಡಿ ಬೇಡಿ ಒಪ್ಪಿಸಿದೆ. ಅವರು ಅಷ್ಟರಲ್ಲಿ ಒಂದೆರಡು ಭಕ್ತಿಗೀತೆಯ ಕ್ಯಾಸೆಟ್ ಹೊರತಂದಿದ್ದರು. ಸುಗುಣಳ ದನಿ ಕೇಳಿದ ಮೇಲೆ ಬೇಡ ಎನ್ನಲಿಲ್ಲ. ಹಾಡು ನಾನೇ ಬರೆದೆ, ಟ್ಯೂನೂ ನನ್ನದೇ. ಆಲ್ಬಮ್‌ಗೆ 'ಕಿಟಕಿ ಸೀಟು' ಎಂದು ಹೆಸರಿಟ್ಟೆವು. ಅದೇ ಹೆಸರಿನ ಹಾಡನ್ನು ನಾನು ಕಟ್ಟಿದ್ದು ಭದ್ರಾವತಿಯಿಂದ ಬರುವ ಬಸ್ಸಿನಲ್ಲಿ, ಮುಂದಿನ ಸೀಟಿನ ಕಂಬಿಯನ್ನು ತಟ್ಟುತ್ತಾ. ಅದರ ಚರಣದ ಕೊನೆಯಲ್ಲಿ ಒಂದು ಎತ್ತರದ ಸಾಲು ಬರುತ್ತದೆ. ಬೇಕೆಂದೇ ಸುಗುಣಳ ಗಂಟಲು ಎಲ್ಲಿಯವರೆಗೆ ಏರುತ್ತದೋ ಆ ಕಟ್ಟಕಡೆಯ ಮೆಟ್ಟಿಲಿನ ಮೇಲೆ ಅದನ್ನು ಕೂರಿಸಿದ್ದೆ. ಅದರಿಂದಾಚೆಗೆ ಮೆಟ್ಟಿಲಿರಲಿಲ್ಲ — ಇದು ನನಗಿಂತ ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ.

ರೆಕಾರ್ಡಿಂಗ್ ಆದದ್ದು ಒಂದು ಸಣ್ಣ ಸ್ಟುಡಿಯೋದಲ್ಲಿ. ಗೋಡೆಗೆ ಗೋಣಿತಾಟು ಬಡಿದ ಕೋಣೆ. ಸದ್ದಾಗುತ್ತದೆಂದು ಫ್ಯಾನು ಹಾಕುವಂತಿರಲಿಲ್ಲ. ಬೆವರು ಒರೆಸಿಕೊಂಡು, ಅಪ್ಪ ಕಳಿಸಿದ ಫ್ಲಾಸ್ಕಿನ ಬಿಸಿನೀರು ಗುಟುಕರಿಸಿ, ಅವಳು 'ಕಿಟಕಿ ಸೀಟು' ಹಾಡನ್ನು ಒಂದೇ ಏಟಿಗೆ ಹಾಡಿ ಮುಗಿಸಿದಳು. ಎಲ್ಲೂ ನಿಲ್ಲಿಸಲಿಲ್ಲ, ತುಂಡು ಜೋಡಿಸಲಿಲ್ಲ. ಸ್ಟುಡಿಯೋದವನು ಹೆಡ್‌ಫೋನ್ ತೆಗೆದು, "ಇನ್ನೊಂದ್ ಟೇಕ್ ಬೇಡ ಬಿಡಿ, ದೃಷ್ಟಿ ಆಗುತ್ತೆ" ಎಂದ. ಈ ಮಾತನ್ನು ಯಾಕೆ ಇಲ್ಲಿ ಒತ್ತಿ ಬರೆಯುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಬಿಡುಗಡೆ ಸಮಾರಂಭ ಶಿವಮೊಗ್ಗದ ಒಂದು ಸಭಾಂಗಣದಲ್ಲಿ, ಸಂಜೆ ಹೊತ್ತಿಗೆ. ಕ್ಯಾಸೆಟ್‌ಗಳನ್ನು ಊರೂರಿಗೆ ಹಂಚುವ ಬೆಂಗಳೂರಿನ ಡಿಸ್ಟ್ರಿಬ್ಯೂಟರ್ ಒಬ್ಬರು ಬರುವವರಿದ್ದರು. ಸ್ಟುಡಿಯೋದಲ್ಲಿ ಯಾರನ್ನು ಬೇಕಾದರೂ ಹಾಡಿಸಬಹುದು, ಹುಡುಗಿ ಜನರ ಎದುರು ಹಾಡುವುದನ್ನು ನೋಡಿ ಆಮೇಲೆ ತೆಗೆದುಕೊಳ್ಳುತ್ತೇನೆ ಎಂಬುದು ಅವರ ಮಾತು. ಅವರು ಒಪ್ಪಿದರೆ 'ಕಿಟಕಿ ಸೀಟು' ನಾಡಿಗೆಲ್ಲ ಹೋಗುತ್ತದೆ. ಒಪ್ಪದಿದ್ದರೆ ಶಂಕ್ರಪ್ಪನವರ ಅಂಗಡಿಯ ಅಟ್ಟ. ಇಷ್ಟು ಸುಗುಣಳಿಗೂ ಗೊತ್ತಿತ್ತು. ಜನ್ನಾಪುರದ ಅವಳ ಬೀದಿಯಿಂದ ಎರಡು ಮೆಟಡಾರ್ ತುಂಬ ಜನ ಬಂದಿದ್ದರು.

ನಮ್ಮ ಕಡೆ ಪ್ರಾರ್ಥನೆಯಿಲ್ಲದೆ ಯಾವ ಕಾರ್ಯಕ್ರಮವೂ ಶುರುವಾಗುವುದಿಲ್ಲ. ಪ್ರಾರ್ಥನೆಗೆ ಯಾರಾದರೂ ಬೇಕಾದವರ ಮನೆಯ ಮಗು ಇದ್ದೇ ಇರುತ್ತದೆ. ಅವತ್ತು ಶಂಕ್ರಪ್ಪನವರ ಮೊಮ್ಮಗಳು, ಜರಿಲಂಗದ ಪುಟ್ಟ ಹುಡುಗಿ, ಗುಬ್ಬಿಯಂಥ ದನಿ. ಅವಳ ಶ್ರುತಿಗೆ ಹೊಂದಲೆಂದು ನಾನು ಕೀಬೋರ್ಡನ್ನು ಮೂರು ಸ್ಕೇಲ್ ಮೇಲಕ್ಕೆ ಏರಿಸಿದೆ. ಅದಕ್ಕೊಂದು ಗುಂಡಿಯಿದೆ. ಒತ್ತಿದರೆ ಇಡೀ ವಾದ್ಯ ಮೇಲಿನ ಶ್ರುತಿಗೆ ಹೋಗುತ್ತದೆ. ಬೆರಳು ಆಡುವುದು ಅದೇ ಜಾಗದಲ್ಲಿ, ಕೇಳುವ ಸ್ವರ ಮಾತ್ರ ಎತ್ತರದ್ದು. ಕೆಲಸ ಮುಗಿದ ತಕ್ಷಣ ಅದನ್ನು ಸೊನ್ನೆಗೆ ಇಳಿಸಬೇಕು. ಊಟವಾದ ಮೇಲೆ ಎಲೆ ಎತ್ತುವ ಹಾಗೆ, ಕೀಬೋರ್ಡಿನವನಿಗೆ ಅದು ಅಭ್ಯಾಸ.

ನಾನು ಇಳಿಸಲಿಲ್ಲ. ಪ್ರಾರ್ಥನೆ ಮುಗಿಯುತ್ತಿದ್ದಂತೆ ನಿರೂಪಕ ನನ್ನ ಹೆಸರು ಕೂಗಿದ. 'ಸಂಗೀತ ನಿರ್ದೇಶಕರು' ಎಂದು ಮೊದಲ ಸಲ ನನ್ನನ್ನು ಕರೆದದ್ದು ಅವತ್ತು. ಶಾಲು, ಪೇಟ, ಹಣ್ಣಿನ ಬುಟ್ಟಿ. ಫೋಟೋ ಹಿಡಿಯುವವನು "ಇತ್ಲಾಗ್ ನೋಡಿ ಸಾರ್" ಎಂದ. ಸಾರ್ — ನನಗೆ. ದೀಪ, ಭಾಷಣ, ಬಣ್ಣದ ಕಾಗದ ಬಿಚ್ಚಿ ಕ್ಯಾಸೆಟ್ಟನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದದ್ದು, ಚಪ್ಪಾಳೆ… ನಾನು ಪೇಟ ಹಾಕಿಕೊಂಡೇ ಕೀಬೋರ್ಡಿನ ಮುಂದೆ ಬಂದು ಕೂತೆ. ಗುಂಡಿಯ ಕಡೆ ನೋಡಲೇ ಇಲ್ಲ.

ಹಿನ್ನೆಲೆ ಸಂಗೀತವನ್ನೆಲ್ಲ ಮೊದಲೇ ಕೀಬೋರ್ಡಿನ ಫ್ಲಾಪಿಯಲ್ಲಿ ತುಂಬಿಸಿಟ್ಟಿದ್ದೆ, ಗುಂಡಿಯ ಜೊತೆ ಅದೂ ಮೇಲೇರಿತ್ತು. ಬೇರೆ ಇದ್ದವನು ತಾಳದ ಪ್ಯಾಡ್ ಬಾರಿಸುವವನೊಬ್ಬ. ತಾಳಕ್ಕೆ ಶ್ರುತಿಯ ಹಂಗಿಲ್ಲ, ಹಾಗಾಗಿ ಅವನಿಗೂ ಗೊತ್ತಾಗುವಂತಿರಲಿಲ್ಲ. ನನ್ನ ಕಿವಿಗೆ ಯಾಕೆ ಗೊತ್ತಾಗಲಿಲ್ಲ? ಹತ್ತು ವರ್ಷದಿಂದ ಇದನ್ನು ನನ್ನನ್ನೇ ಕೇಳಿಕೊಂಡಿದ್ದೇನೆ. ನಾಚಿಕೆಯಾದರೂ ಹೇಳುತ್ತೇನೆ — ಆ ಸಂಗೀತ ಶುರುವಾದಾಗ, ಇವತ್ತು ನನ್ನ ಟ್ಯೂನು ಎಷ್ಟು ಮಿಂಚುತ್ತಿದೆ ಎಂದು ನನಗೆ ಖುಷಿಯಾಗಿತ್ತು.

ಪಲ್ಲವಿಯ ಮೊದಲ ಸಾಲಿಗೇ ಸುಗುಣ ತಿರುಗಿ ನನ್ನ ಮುಖ ನೋಡಿದಳು. ಒಂದು ಪ್ರಶ್ನೆಯಿತ್ತು ಆ ನೋಟದಲ್ಲಿ. ನಾನು ನಕ್ಕು, ತಲೆಯಾಡಿಸಿ, ನಡಿ ನಡಿ ಎಂದು ಕೈಸನ್ನೆ ಮಾಡಿದೆ. ಹೆದರಿಕೊಂಡಿದ್ದಾಳೆ ಎಂದುಕೊಂಡೆ. ಅವಳು ನನ್ನನ್ನು ನಂಬಿ ಮುಂದೆ ಹೋದಳು. ಪಲ್ಲವಿ ಹೇಗೋ ದಾಟಿತು. ಚರಣದ ಕೊನೆಗೆ ಬಂದಾಗ, ಆ ಎತ್ತರದ ಸಾಲಿನ ಮೇಲೆ ಅವಳ ಸ್ವರ ಒಡೆಯಿತು. ಹಸಿ ಸೌದೆ ಸೀಳಿದ ಹಾಗೆ ಕೇಳಿತು. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹೊಡೆದರು, ಒಂದಷ್ಟು ಜನ ನಕ್ಕರು.

ಆಗ ನಾನು ಕೆಳಗೆ ನೋಡಿದೆ. ಕೀಬೋರ್ಡಿನ ಪುಟ್ಟ ಪರದೆಯ ಮೇಲೆ ಅಧಿಕ ಚಿಹ್ನೆ, ಪಕ್ಕದಲ್ಲಿ ಮೂರು. ಹಾಡಿನ ಮಧ್ಯೆ ಇಳಿಸಿದರೆ ಎಲ್ಲರಿಗೂ ಗೊತ್ತಾಗುತ್ತದೆ — ಅದಕ್ಕೆ ಇಳಿಸಲಿಲ್ಲ. ಎರಡನೇ ಚರಣದಲ್ಲೂ ಅದೇ ಜಾಗದಲ್ಲಿ, ಅದೇ ರೀತಿ… ಅವಳನ್ನು ಹಾಗೇ ಬಿಟ್ಟೆ. ಅಲ್ಲೇ ನಿಲ್ಲಿಸಿ ಮೈಕಿನಲ್ಲಿ, "ಕ್ಷಮಿಸಿ, ಕೀಬೋರ್ಡ್ ಶ್ರುತಿ ತಪ್ಪಿದೆ, ಮೊದಲಿಂದ ಹಾಡ್ತೀವಿ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ಹೋಗುತ್ತಿದ್ದದ್ದು ನನ್ನ ಪೇಟದ ಮರ್ಯಾದೆ ಮಾತ್ರ.

ಮೊದಲ ಹಾಡು ಮುಗಿದ ಮೇಲೆ, ಹಾಳೆ ತಿರುವುವ ನೆಪ ಮಾಡಿ, ಮೈ ಅಡ್ಡ ಹಿಡಿದು ಗುಂಡಿ ಒತ್ತಿ ಸೊನ್ನೆಗೆ ತಂದೆ. ಎರಡನೇ ಹಾಡು ಅವಳ ಶ್ರುತಿಯಲ್ಲೇ ಇತ್ತು. ಆದರೆ ಅಷ್ಟರಲ್ಲಿ ಅವಳ ಧೈರ್ಯವೇ ಬತ್ತಿಹೋಗಿತ್ತು. ಮೇಲೆ ಹೋಗಬೇಕಾದಲ್ಲೆಲ್ಲ ಕೆಳಗೆ ಉಳಿದಳು. ಸ್ಪೀಕರ್ ಪಕ್ಕದಲ್ಲಿ ನಿಂತಿದ್ದ ಮುರುಗೇಶಣ್ಣ ಪಕ್ಕದವರ ತೋಳು ಹಿಡಿದು, "ಪಾಪು ಹಾಡ್ತಾ ಇದಾಳಾ? ಕೇಳ್ಸ್ತಾ ಇಲ್ವಲ್ಲ" ಎಂದು ಕೇಳುತ್ತಿದ್ದುದು ನನಗೆ ವೇದಿಕೆಯವರೆಗೂ ಕೇಳಿಸಿತು.

ವೇದಿಕೆಯ ಹಿಂದಿನ ಕೋಣೆಯಲ್ಲಿ ನಾವು ನಾಲ್ಕು ಜನ. ಶಂಕ್ರಪ್ಪನವರು, ಡಿಸ್ಟ್ರಿಬ್ಯೂಟರ್, ಸುಗುಣ, ನಾನು. ಡಿಸ್ಟ್ರಿಬ್ಯೂಟರ್ ಕ್ಯಾಸೆಟ್ಟನ್ನು ಕೈಯಲ್ಲಿ ಹೊರಳಿಸುತ್ತಾ, "ಇದರಲ್ಲಿರೋ ವಾಯ್ಸ್ ಈ ಹುಡುಗೀದೇನಾ?" ಎಂದರು. ಶಂಕ್ರಪ್ಪನವರು ನನ್ನ ಕಡೆ ನೋಡಿದರು. ಸುಗುಣ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು ಮೆಲ್ಲಗೆ ಕೇಳಿದಳು:

"ರವಿಯಣ್ಣ, ಸ್ಕೇಲ್ ಸರಿ ಇತ್ತಾ?"

ಅವಳಿಗೆ ಗೊತ್ತಾಗಿತ್ತು. ಅವಳ ಕಿವಿ ಅಷ್ಟು ನಿಖರ. ಬೈಯುವ ದನಿಯಿರಲಿಲ್ಲ, ಬರೀ ಕೇಳುತ್ತಿದ್ದಳು. ನಾನು ಇಲ್ಲ ಎಂದಿದ್ದರೆ ಸಾಕಿತ್ತು. ನಾನು ಹೇಳಿದ್ದು ಇದು:

"ಸ್ಕೇಲ್ ಸರಿಯಾಗೇ ಇತ್ತಲ್ಲ ಮಾರಾಯ್ತಿ. ಸ್ಟೇಜಿಗೆ ನಿನ್ ಗಂಟಲು ಸಾಲ್ಲಿಲ್ಲ, ಅಷ್ಟೇ." ಆಮೇಲೆ ಡಿಸ್ಟ್ರಿಬ್ಯೂಟರ್ ಕಡೆ ತಿರುಗಿ, ಯಾರೂ ಕೇಳದಿದ್ದರೂ, "ಸ್ಟುಡಿಯೋದಲ್ಲಿ ತುಂಡು ತುಂಡಾಗಿ ಹಾಡ್ಸಿ ಜೋಡ್ಸಿದ್ವಿ ಸಾರ್" ಎಂದೆ.

ಎರಡನೆಯದನ್ನು ಯಾಕೆ ಹೇಳಿದೆನೋ ನನಗೆ ಈಗಲೂ ತಿಳಿಯದು. ಮೊದಲನೆಯದು ಹೆದರಿಕೆ ಎಂದಾದರೂ ಅನ್ನಬಹುದು. ಎರಡನೆಯದಕ್ಕೆ ಹೆಸರಿಲ್ಲ. ಒಂದೇ ಏಟಿಗೆ ಹಾಡಿ ಮುಗಿಸಿದ್ದವಳು ಅವಳು, ಅದು ಅವಳಿಗೂ ಗೊತ್ತು. ಆದರೂ ನನ್ನ ಮಾತು ಕೇಳಿ, ಹೌದೇನೋ ಎಂಬಂತೆ ತಲೆ ತಗ್ಗಿಸಿದಳು. ಡಿಸ್ಟ್ರಿಬ್ಯೂಟರ್ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು ಎದ್ದರು. ಹೋಗುವಾಗ ನನ್ನ ಬೆನ್ನು ತಟ್ಟಿ, "ಟ್ಯೂನ್ ಚೆನ್ನಾಗಿದೆ ಕಣ್ರೀ" ಎಂದರು. ಮರುವರ್ಷ ಅವರಿಂದ ನನಗೆ ಒಂದು ಭಕ್ತಿಗೀತೆಯ ಕೆಲಸವೂ ಬಂತು. ಮಾಡಿದೆ. ಬೇರೆ ಹುಡುಗಿ ಹಾಡಿದಳು.

ಇಷ್ಟಕ್ಕೇ ನಿಂತಿದ್ದರೂ ಒಂದು ಮಾತು. ಕೆಲವು ದಿನಗಳಾದ ಮೇಲೆ ಭದ್ರಾವತಿಯ ಬಸ್ ಸ್ಟ್ಯಾಂಡಿನಲ್ಲಿ ಮುರುಗೇಶಣ್ಣ ಸಿಕ್ಕರು. ಕೆಲಸದಿಂದ ನೇರ ಬಂದಿದ್ದರು, ಬಟ್ಟೆಯ ಮೇಲೆ ಮಸಿಯಿತ್ತು. ನನ್ನ ಕೈ ಹಿಡಿದುಕೊಂಡು ಕೇಳಿದರು: "ಪಾಪು ಮನೇಲೂ ಹಾಡ್ತಾ ಇಲ್ಲ ತಂಬಿ. ಗಂಟಲಿಗೆ ಏನೋ ಆಗಿದೆ ಅಂತಾಳೆ. ಡಾಕ್ಟ್ರಿಗೆ ತೋರ್ಸ್ಲಾ?"

ದೇವರೇ ಎದುರು ಬಂದು ಇನ್ನೊಂದು ಅವಕಾಶ ಕೊಟ್ಟ ಹಾಗಿತ್ತು ಅದು. ನಾನು, "ತೋರ್ಸಿ ಮುರುಗೇಶಣ್ಣ, ಒಳ್ಳೇದೇ" ಎಂದೆ. ದೊಡ್ಡ ದನಿಯಲ್ಲಿ ಹೇಳಿದೆ, ಅವರಿಗೆ ಕೇಳಿಸಲಿ ಎಂದು. ಡಾಕ್ಟರು ನೋಡಿ ಏನೂ ಇಲ್ಲ ಎಂದರಂತೆ. ಏನೂ ಇಲ್ಲದೆ ಹೀಗಾಗುತ್ತದೆಯೇ, ಇವರಿಗೆ ಗೊತ್ತಾಗುತ್ತಿಲ್ಲ ಅಷ್ಟೇ ಎಂದು ಮನೆಯವರು ತೀರ್ಮಾನಿಸಿದರಂತೆ. ಆಮೇಲೆ ಅವಳ ಮದುವೆಯಾಯಿತು, ಜನ್ನಾಪುರದಿಂದ ಶಿವಮೊಗ್ಗಕ್ಕೆ ಬಂದಳು ಎಂದು ಕೇಳಿದೆ. ನಾನು ಆ ಕಡೆ ಸುಳಿಯಲಿಲ್ಲ.

'ಕಿಟಕಿ ಸೀಟು' ಮಾರಾಟವಾಗದೆ ಉಳಿಯಿತು. ಆಗೆಲ್ಲ ಮಾರಾಟವಾಗದ ಕ್ಯಾಸೆಟ್ಟುಗಳನ್ನು ಖಾಲಿ ಕ್ಯಾಸೆಟ್ಟಿನ ದರಕ್ಕೆ ಮಾರಿಬಿಡುತ್ತಿದ್ದರು. ಮೇಲಂಚಿನ ತೂತಿಗೆ ಅಂಟುಪಟ್ಟಿ ಹಚ್ಚಿದರೆ ಮತ್ತೆ ರೆಕಾರ್ಡ್ ಮಾಡಿಕೊಳ್ಳಬಹುದು. ಜನ ತೆಗೆದುಕೊಂಡು ಹೋಗಿ, ಅವಳ ದನಿಯ ಮೇಲೆ ತಮಗೆ ಬೇಕಾದ ಸಿನಿಮಾ ಹಾಡು ತುಂಬಿಸಿಕೊಂಡರು. ಒಂದು ಸಲ ನನ್ನ ವಿದ್ಯಾರ್ಥಿಯೊಬ್ಬ ಅಂಥದೊಂದು ಕ್ಯಾಸೆಟ್ ತಂದು, ಅದರಲ್ಲಿದ್ದ ಹಾಡನ್ನು ನುಡಿಸಲು ಹೇಳಿಕೊಡಿ ಎಂದ. ಹಾಡು ಮುಗಿಯಿತು, ಟೇಪು ಓಡುತ್ತಲೇ ಇತ್ತು. ಒಂದು ಕ್ಷಣ ಮೌನ, ಆಮೇಲೆ ಒಮ್ಮೆಗೇ ಸುಗುಣ. ಅಳಿಸದೆ ಉಳಿದಿದ್ದ ಚೂರು. ಆ ಎತ್ತರದ ಸಾಲೇ — ಎಷ್ಟು ನಿರಾಳವಾಗಿ ಹೋಗಿದ್ದಳು ಅಲ್ಲಿಗೆ. ವಿದ್ಯಾರ್ಥಿ "ಯಾರ್ ಸಾರ್ ಇದು, ಸಖತ್ತಾಗಿದೆ" ಎಂದ. ನಾನು ಟೇಪ್ ನಿಲ್ಲಿಸಿ ಪಾಠ ಮುಂದುವರಿಸಿದೆ.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ, ಅವಳೇ ನನ್ನ ಮನೆ ಬಾಗಿಲಿಗೆ ಬಂದಳು. ಜೊತೆಗೆ ಮಗಳು ಮಾನಸ, ಎಂಟೊಂಬತ್ತು ವರ್ಷದವಳು. ಸುಗುಣ ಸ್ವಲ್ಪ ದಪ್ಪಗಾಗಿದ್ದಳು, ನಗು ಅದೇ. "ಇವಳಿಗೆ ಕೀಬೋರ್ಡ್ ಕಲಿಸಿ ರವಿಯಣ್ಣ. ಆದ್ರೆ ಹಾಡಿಸ್ಬೇಡಿ" ಎಂದಳು.

"ಯಾಕೆ?"

"ನನ್ನ ಗಂಟಲೇ ಇವಳಿಗೂ ಬಂದಿರುತ್ತೆ. ಚಿಕ್ಕೋಳಿದ್ದಾಗ ಚೆನ್ನಾಗೇ ಇರುತ್ತೆ. ಆಮೇಲೆ ನಾಲ್ಕು ಜನದ ಮುಂದೆ ಕೈಕೊಡುತ್ತೆ. ನೀವೇ ಹೇಳಿದ್ರಲ್ಲ ಅವತ್ತು." ಅವಳ ಮಾತಿನಲ್ಲಿ ಕೊಂಕಿರಲಿಲ್ಲ. "ಬೇರೆಯವ್ರೆಲ್ಲ ಸಮಾಧಾನ ಮಾಡಿದ್ರು. ಇದ್ದಿದ್ದನ್ನ ಇದ್ದ ಹಾಗೆ ಹೇಳಿದ್ದು ನೀವೊಬ್ರೇ. ಅದಕ್ಕೇ ನಿಮ್ಮ ಹತ್ರಾನೇ ಕರ್ಕೊಂಡ್ ಬಂದೆ."

ಆಗಲೂ ನಾನು ಹೇಳಲಿಲ್ಲ. ಎಂಥ ಹೇಡಿ ಮನುಷ್ಯ ನಾನು. ಮಗುವನ್ನು ಸೇರಿಸಿಕೊಂಡೆ. ವಾರವಾರ ಬಂದಳು. ನುಡಿಸುವಾಗ ತನಗೆ ತಿಳಿಯದ ಹಾಗೆ ಗುನುಗುತ್ತಿದ್ದಳು — ಶ್ರುತಿ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಒಂದು ದಿನ ಗುನುಗುತ್ತಾ ಗುನುಗುತ್ತಾ ಬಾಯಿ ತೆರೆದು, ಮೇಲಿನ ಸ್ವರಕ್ಕೆ ಹೋಗಿ, ಅಲ್ಲಿ ನಕ್ಕಳು. ನಾನು ಅವಳಮ್ಮ ಹೇಳಿದ್ದಾಳಲ್ಲ ಎಂದು, "ಹಾಡ್ಬಾರ್ದು ಪುಟ್ಟ, ಬರೀ ನುಡ್ಸು" ಎಂದೆ. ಮಗು ತಕ್ಷಣ ಬಾಯಿ ಮುಚ್ಚಿಕೊಂಡಿತು. ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನನ್ನು ನೋಡಿತು. ಆ ನೋಟ ನಾನು ಮೊದಲೇ ಕಂಡದ್ದು. ಆವತ್ತು ಪಾಠ ಮುಂದೆ ಹೋಗಲಿಲ್ಲ.

ಸುಗುಣ ಮಗಳನ್ನು ಕರೆದೊಯ್ಯಲು ಬಂದಾಗ, ಮಗುವನ್ನು ಅಂಗಳದಲ್ಲಿ ಆಡಲು ಕಳಿಸಿ, ಎಲ್ಲ ಹೇಳಿದೆ. ಜರಿಲಂಗದ ಹುಡುಗಿ, ಗುಂಡಿ, ಪೇಟ, ಪರದೆಯ ಮೇಲಿನ ಮೂರು. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ, ಕೀಬೋರ್ಡನ್ನೇ ನೋಡುತ್ತಾ ಹೇಳಿದೆ.

ಅವಳು ಕೇಳಿದಳು, "ಪ್ರಾರ್ಥನೆಗೆ ಏರ್ಸಿದ್ದಾ?"

"ಹೂಂ."

"ಹಾಗಾದ್ರೆ ನಂಗೆ ಸರಿಯಾಗೇ ಕೇಳ್ಸಿತ್ತು."

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೆನ್ನೆಗೆ ಬಾರಿಸಿದ್ದರೂ. ಅವಳು ಎದ್ದು, ಮಗಳ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ನಿಂತು ಹೇಳಿದಳು: "ಅಪ್ಪ ಹೋಗಿ ಎರಡು ವರ್ಷ ಆಯ್ತು ರವಿಯಣ್ಣ. ಹೋಗೋ ತನಕ ಪ್ರತಿ ಸಲ ಬರ್ತಾ ಒಂದು ಬಾಟ್ಲಿ ಜೇನುತುಪ್ಪ ತಂದಿಡೋರು, ನನ್ನ ಗಂಟಲಿಗೆ ಅಂತ. ಕೊನೇ ಬಾಟ್ಲಿ ಇನ್ನೂ ಮನೇಲಿದೆ. ಅವರಿಗಾದ್ರೂ ಹೇಳ್ಬಹುದಿತ್ತು ನೀವು."

ಮಗಳ ಕೈ ಹಿಡಿದು ಹೋದಳು. ಮುಂದಿನ ಭಾನುವಾರ ಮಾನಸ ಬರಲಿಲ್ಲ, ಆಮೇಲೂ ಬರಲಿಲ್ಲ. ಎಲ್ಲಾದರೂ ಹಾಡು ಕಲಿಯುತ್ತಿದ್ದಾಳೋ ಇಲ್ಲವೋ, ಕೇಳುವ ಹಕ್ಕು ನನಗಿಲ್ಲ.

ಶಂಕ್ರಪ್ಪನವರ ಹತ್ತಿರ ಹೋಗಿ ಹೇಳಿದೆ. ಅವರಿಗೆ ವಯಸ್ಸಾಗಿದೆ. "ಹೋಗ್ಲಿ ಬಿಡು ಮಾರಾಯ, ಯಾವ ಕಾಲದ ಮಾತು" ಎಂದು ಕಾಫಿ ಕುಡಿಸಿ ಕಳಿಸಿದರು. ಬಿಡು ಎನ್ನುವುದು ಅವರ ಮಾತಾಗಬಾರದಿತ್ತು, ಅದನ್ನು ಅನ್ನಬೇಕಾದವರು ಅನ್ನಲಿಲ್ಲ, ಅನ್ನಬೇಕಾಗಿಯೂ ಇಲ್ಲ. ಅವಳ ಗಂಟಲಿನ ಮೇಲೆ ನಾನು ಆಡಿದ ಮಾತನ್ನು ಬೇರೆಯವರ ಎದುರು ಆಡಿದ್ದೆ. ಆ ಮಾತು ಜನ್ನಾಪುರದ ಬೀದಿಯವರೆಗೂ ಹೋಗಿತ್ತು. ಇದನ್ನು ಬರೀ ಅವಳ ಕಿವಿಯಲ್ಲಿ ಹೇಳಿ ಕೈ ತೊಳೆದುಕೊಂಡರೆ ಅದೂ ಒಂದು ಕಳ್ಳತನವೇ. ಅದಕ್ಕೇ ಎಲ್ಲರೂ ಓದಲೆಂದು ಬರೆಯುತ್ತಿದ್ದೇನೆ. ಅವತ್ತು ಆ ಎರಡು ಮೆಟಡಾರ್‌ಗಳಲ್ಲಿ ಬಂದಿದ್ದವರಿಗೆ, ಹಿಂದಿನ ಸಾಲಿನಲ್ಲಿ ಸಿಳ್ಳೆ ಹೊಡೆದವರಿಗೆ, ಅವಳ ಗಂಡನ ಮನೆಯವರಿಗೆ, ಮುಂದೆ ಯಾವತ್ತಾದರೂ ಓದಬಹುದಾದ ಮಾನಸಳಿಗೆ. ಕೇಳಿಸಿಕೊಳ್ಳಬೇಕಾಗಿದ್ದ ಮುರುಗೇಶಣ್ಣ ಇಲ್ಲ.

ಅವತ್ತು ಆ ಕೋಣೆಯಲ್ಲಿ ನೀನು ಒಂದೇ ಒಂದು ಪ್ರಶ್ನೆ ಕೇಳಿದ್ದೆ. ಸ್ಕೇಲ್ ಸರಿ ಇರಲಿಲ್ಲ, ಸುಗುಣ.